ಮೊದಲ ಸಲ ಜಿಂಕೆ ಬೇಟೆಗೆ ಹೋಗ್ತಿದ್ದೀನಿ (ಅಮೆರಿಕದ ವಿಸ್ಕಾನ್ಸಿನ್). ಮಾಂಸ ನಾನೇ ಕೊಯ್ಯಬಹುದಾ?

ತೋಟದಹುಡುಗ · ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. ಮ್ಯಾಡಿಸನ್‌ಗೆ ಬಂದು ಮೂರು ವರ್ಷ ಆಯಿತು, ಕೆಲಸಕ್ಕೆ ಕೊಡುವ ಎಚ್‌1ಬಿ ವೀಸಾ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರ ಮಾವನಿಗೆ ಡಾಡ್ಜ್‌ವಿಲ್ ಹತ್ತಿರ, ಅಯೋವಾ ಕೌಂಟಿಯಲ್ಲಿ ಜಮೀನಿದೆ. ಪ್ರತಿ ನವೆಂಬರ್‌ನಲ್ಲಿ ಮನೆಯವರೆಲ್ಲ ಅಲ್ಲಿ ಸೇರಿ ಜಿಂಕೆ ಬೇಟೆ ಆಡುತ್ತಾರೆ. ಈ ಸಲ ನನ್ನನ್ನೂ ಕರೆದಿದ್ದಾರೆ. ರೈಫಲ್ ಅವರೇ ಕೊಡುತ್ತಾರಂತೆ, .308 ಗುಂಡಿನದು.

ಊರಲ್ಲಿ ಅಜ್ಜನ ಹತ್ತಿರ ತೋಟದ ಕೋವಿ ಇತ್ತು. ಮಂಗ ಓಡಿಸಲು ಗಾಳಿಗೆ ಒಂದು ಈಡು ಹೊಡೆಯುತ್ತಿದ್ದರು, ಅಷ್ಟೇ. ನಾನು ಅದನ್ನು ಮುಟ್ಟಿದ್ದೂ ಇಲ್ಲ. ಹಂದಿ ಕೊಯ್ಯುವುದನ್ನು ನೋಡಿದ್ದೇನೆ, ಕೈ ಹಾಕಿಲ್ಲ.

ಹೊಡೆಯುವುದು ಹೇಗೆ ಅಂತ ಅವರು ಹೇಳಿಕೊಡುತ್ತಾರೆ. ನನ್ನ ಚಿಂತೆ ಆಮೇಲಿನದು. ಜಿಂಕೆ ಬಿದ್ದ ಮೇಲೆ ಏನು ಮಾಡಬೇಕು? ಅಂಗಡಿಗೆ ಕೊಟ್ಟು ಕೊಯ್ಯಿಸಬೇಕಾ, ನಾನೇ ಗ್ಯಾರೇಜಿನಲ್ಲಿ ಕೊಯ್ಯಬಹುದಾ? ಜಿಂಕೆಗೆ ಏನೋ ಕಾಯಿಲೆ ಇದೆ ಅಂತಾರೆ, ಅದು ನಿಜವಾ? ನನ್ನ ವೀಸಾದಲ್ಲಿ ರೈಫಲ್ ಹಿಡಿಯಬಹುದಾ? ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ಅದಕ್ಕೇ ಜಾಸ್ತಿ ಕೇಳುತ್ತಿದ್ದೇನೆ.

ಮಿಲ್ವಾಕಿ ಮೈಸೂರಿಗ · ಅಕ್ಟೋಬರ್ 12

ನಾನು ಎರಡು ವರ್ಷ ಅಂಗಡಿಗೆ ಕೊಟ್ಟೆ. ಸೀಸನ್‌ನಲ್ಲಿ ಅವರ ಹತ್ತಿರ ಜಿಂಕೆಗಳು ರಾಶಿ ಬಿದ್ದಿರುತ್ತವೆ. ಮೂರು ವಾರ ಬಿಟ್ಟು ಡಬ್ಬ ಕೊಟ್ಟರು. ಅರ್ಧಕ್ಕರ್ಧ ಸಾಸೇಜ್. ಅದರಲ್ಲಿ ನನ್ನ ಜಿಂಕೆ ಎಷ್ಟು, ಬೇರೆಯವರದು ಎಷ್ಟು ಅಂತ ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಈಗ ನಾನೇ ಕೊಯ್ಯುತ್ತೇನೆ. ಕಷ್ಟ ಏನಿಲ್ಲ, ಒಂದು ದಿನ ಬೇಕು. ಉಳಿದದ್ದು ಕಾಫಿಬೇಲಿ ಅಣ್ಣ ಹೇಳಲಿ, ಅವರಿಗೆ ಹದಿನಾಲ್ಕು ವರ್ಷದ ಅನುಭವ ಇದೆ.

ಕಾಫಿಬೇಲಿ · ಅಕ್ಟೋಬರ್ 13

ತಮ್ಮಾ, ಮೊದಲು ವೀಸಾ ಮಾತು. ಅದು ಮುಗಿಯದೆ ರೈಫಲ್ ಮುಟ್ಟಬೇಡಿ.

ಅಮೆರಿಕದ ಫೆಡರಲ್ ಕಾನೂನಿನಲ್ಲಿ ಎಚ್‌1ಬಿ ಥರದ ವೀಸಾದವರು ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಸ್ನೇಹಿತರದು, ಐದು ನಿಮಿಷ ಹಿಡಿದು ಕೊಡ್ತೀನಿ ಅಂದರೂ ಅದು ಇಟ್ಟುಕೊಂಡ ಹಾಗೇ ಲೆಕ್ಕ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಅನ್ವಯಿಸುವುದು ಒಂದು: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರಬೇಕು. ಹಾಗಾಗಿ ನಿಮ್ಮ ಕ್ರಮ ಉಲ್ಟಾ ಆಗಬಾರದು. ಮೊದಲು ಹಂಟರ್ ಎಜುಕೇಶನ್ ಕೋರ್ಸ್, ಆಮೇಲೆ ಲೈಸೆನ್ಸ್, ಆಮೇಲೆ ರೇಂಜಿಗೆ ಹೋಗಿ ಗುರಿ ಅಭ್ಯಾಸ. ಲೈಸೆನ್ಸ್ ಜೇಬಿನಲ್ಲೇ ಇರಲಿ. ಗ್ರೀನ್ ಕಾರ್ಡ್ ಬಂದಮೇಲೆ ಈ ಕಟ್ಟು ಇರುವುದಿಲ್ಲ. ನಾನು ವಕೀಲ ಅಲ್ಲ, ನಿಮ್ಮ ಕಂಪನಿಯ ವೀಸಾ ವಕೀಲರಿಗೆ ಒಂದು ಮೇಲ್ ಹಾಕಿ ಕೇಳಿಬಿಡಿ.

ನಾನು ವಿರಾಜಪೇಟೆ ಕಡೆಯವನು. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಅಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ನಮ್ಮ ಮನೆಯ ಗೋಡೆಯಲ್ಲಿ ಕೋವಿ ತೂಗುತ್ತಿತ್ತು, ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ಅದಕ್ಕೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತಿದ್ದೆವು. ಆದರೂ ನಾನು ಬೇಟೆ ಕಲಿತದ್ದು ಇಲ್ಲೇ, ಬ್ಯಾರಬೂ ಹತ್ತಿರ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅಪ್ಪ ಕೋವಿಯನ್ನು ಕಾಡಿಗೆ ಒಯ್ಯಲಿಲ್ಲ. ಅಜ್ಜನ ಬೇಟೆ ಕಥೆ ಕೇಳಿ ಬೆಳೆದವನು ನಾನು, ನೋಡಿ ಬೆಳೆದವನಲ್ಲ. ಇಲ್ಲಿನ ಕೋರ್ಸಿನಲ್ಲಿ ಹನ್ನೆರಡು ವರ್ಷದ ಮಕ್ಕಳ ನಡುವೆ ಕೂತು ಮೊದಲಿನಿಂದ ಕಲಿತೆ. ನೀವೂ ಹಾಗೇ ಕಲಿಯಿರಿ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ವಿಸ್ಕಾನ್ಸಿನ್‌ನಲ್ಲಿ ಆ ಸರ್ಟಿಫಿಕೇಟ್ ಬೇಕೇ ಬೇಕು. ಕೋರ್ಸ್ ಮಾಡದವರು ಮೆಂಟರ್ (ಹೇಳಿಕೊಡುವ ಬೇಟೆಗಾರ) ಜೊತೆ ಹೋಗಬಹುದು, ಆದರೆ ಮೆಂಟರ್ ಕೈಗೆಟುಕುವಷ್ಟು ಹತ್ತಿರ ಇರಬೇಕು. ಹಾಗೆ ಹೋದರೂ ಲೈಸೆನ್ಸ್ ಬೇಕು. ನನ್ನ ಮಾತು ಕೇಳುವುದಾದರೆ ಕೋರ್ಸ್ ಮಾಡಿಯೇ ಹೋಗಿ.

ಗನ್ ಸೀಸನ್ ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲಿನ ಶನಿವಾರ ಶುರು, 9 ದಿನ. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು. ಟೋಪಿಗೂ ಅದೇ ನಿಯಮ. ಹೆಣ್ಣು ಜಿಂಕೆಗೆ ಬೇರೆ ಅನುಮತಿ ಇರುತ್ತದೆ. ಅದು ಕೌಂಟಿಗೆ, ಜಮೀನು ಖಾಸಗಿಯೋ ಸರ್ಕಾರದ್ದೋ ಅನ್ನುವುದಕ್ಕೆ ಕಟ್ಟುಬಿದ್ದಿರುತ್ತದೆ. ಲೈಸೆನ್ಸ್ ತೆಗೆದುಕೊಳ್ಳುವಾಗ ಅಯೋವಾ ಕೌಂಟಿ, ಖಾಸಗಿ ಜಮೀನು ಅಂತಲೇ ಹೇಳಿ.

.308 ಸಾಕು, ಬೇರೆ ಯೋಚನೆ ಬೇಡ. ತೋಟಾ ಮಾತ್ರ ತಾಮ್ರದ ಗುಂಡಿನದು ತನ್ನಿ. ಸೀಸದ ಗುಂಡು ಮೈಗೆ ಬಡಿದಾಗ ಚೂರುಚೂರಾಗಿ ಗಾಯದಿಂದ ಬಹಳ ದೂರದವರೆಗೆ ಹರಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ಹಂಚಲು ಕೊಟ್ಟ ಜಿಂಕೆ ಖೀಮಾದಲ್ಲಿ ಸೀಸ ಸಿಕ್ಕಿ, ಹಂಚಬೇಡಿ ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳಬೇಕಾಯಿತು. ನಿಮ್ಮ ಮನೆಯಲ್ಲಿ ಚಿಕ್ಕ ಮಗಳಿದ್ದಾಳೆ. ಒಂದು ಡಬ್ಬ ತೋಟಾಗೆ ಸ್ವಲ್ಪ ಜಾಸ್ತಿ ದುಡ್ಡು ಹೋದರೆ ಹೋಗಲಿ. ಆದರೆ ಅದೇ ತೋಟಾದಲ್ಲಿ ರೇಂಜಿನಲ್ಲಿ ಹೊಡೆದು ಸ್ಕೋಪ್ (ರೈಫಲ್ ಮೇಲಿನ ದುರ್ಬೀನು) ಸರಿಮಾಡಿಕೊಳ್ಳಬೇಕು. ತೋಟಾ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ.

ಹೊಡೆಯುವುದು ಅವರು ಹೇಳಿಕೊಡುತ್ತಾರೆ ಅಂದಿರಿ. ಸರಿ. ಆದರೂ ಎರಡು ಮಾತು ನನ್ನಿಂದಲೂ ಕೇಳಿಸಿಕೊಳ್ಳಿ.

ಡಾಡ್ಜ್‌ವಿಲ್ ಕಡೆಯದು ಗುಡ್ಡಗಾಡು, ನಮ್ಮ ಸಕಲೇಶಪುರದ ಥರವೇ ದಿಣ್ಣೆ, ಹಳ್ಳ. ಜಿಂಕೆ ದಿಣ್ಣೆಯ ನೆತ್ತಿಯಲ್ಲಿ ನಿಂತು ಹಿಂದೆ ಬರೀ ಆಕಾಶ ಕಂಡರೆ ಹೊಡೆಯಬೇಡಿ. ಎಷ್ಟೇ ದೊಡ್ಡ ಕೋಡಿರಲಿ. ಆ ಗುಂಡು ಮೈಲಿಗಟ್ಟಲೆ ಹೋಗುತ್ತದೆ. ದಿಣ್ಣೆಯ ಆಚೆ ಯಾರ ಕೊಟ್ಟಿಗೆ ಇದೆಯೋ, ಯಾರು ಕೂತಿದ್ದಾರೋ ಗೊತ್ತಿರುವುದಿಲ್ಲ. ಹಿಂದೆ ಮಣ್ಣು ಕಾಣಬೇಕು.

ಇನ್ನೊಂದು, ಅಡ್ಡಲಾಗಿ ನಿಂತ ಜಿಂಕೆಗೆ ಮಾತ್ರ ಹೊಡೆಯಿರಿ. ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲಕ್ಕೆ ಹೋಗಿ, ಎದೆಯ ತಳದಿಂದ ಮೂರನೇ ಒಂದು ಭಾಗದಷ್ಟು ಎತ್ತರ. ಗುಂಡಿಗೆ, ಶ್ವಾಸಕೋಶ ಎರಡೂ ಅಲ್ಲೇ. ಎದುರಾಗಿ ನಿಂತಿದ್ದರೆ, ಓಡುತ್ತಿದ್ದರೆ, ಪೊದೆಯಲ್ಲಿ ಅರ್ಧ ಕಾಣುತ್ತಿದ್ದರೆ ಬಿಟ್ಟುಬಿಡಿ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನ್ನ ಎರಡನೇ ವರ್ಷ ನಾನು ಬಿಡಲಿಲ್ಲ. ಸಂಜೆ ನಾಲ್ಕು ಗಂಟೆ ಮೇಲೆ, ಬೆಳಕು ಹೋಗುತ್ತಿತ್ತು. ಜಿಂಕೆ ನನ್ನ ಕಡೆಗೆ ಓರೆಯಾಗಿ ಬರುತ್ತಿತ್ತು. ಇನ್ನು ಹತ್ತು ಹೆಜ್ಜೆಗೆ ಅಡ್ಡಲಾಗಿ ತಿರುಗುತ್ತಿತ್ತೇನೋ, ನಾನು ಕಾಯಲಿಲ್ಲ. ಈಡಿನ ಸದ್ದಿಗೆ ಬೆನ್ನು ಗೂನು ಮಾಡಿಕೊಂಡು ನಿಧಾನವಾಗಿ ನಡೆದುಹೋಯಿತು. ನಿಂತಿದ್ದ ಜಾಗಕ್ಕೆ ಹೋಗಿ ಒಣ ಎಲೆ ಎತ್ತಿ ನೋಡಿದರೆ ರಕ್ತದ ಜೊತೆ ಹಸಿರು ಕಸ, ಜೋಳದ ನುಚ್ಚು, ಸಗಣಿ ವಾಸನೆ. ಗುಂಡು ಹೊಟ್ಟೆಗೆ ಬಿದ್ದಿತ್ತು. ಹಾಗೆ ಬಿದ್ದಾಗ ಎಂಟು ಹತ್ತು ಗಂಟೆ ಬಿಟ್ಟು ಹುಡುಕಬೇಕು. ಹತ್ತಿರದಲ್ಲೇ ಎಲ್ಲೋ ಮಲಗಿ ಅಲ್ಲೇ ಸಾಯುತ್ತದೆ. ನಾನು ಗಾಬರಿಯಲ್ಲಿ ಅರ್ಧ ಗಂಟೆಗೇ ಹಿಂದೆ ಬಿದ್ದೆ. ಮಲಗಿದ್ದ ಜಾಗ ಸಿಕ್ಕಿತು, ಎಲೆ ಇನ್ನೂ ಬೆಚ್ಚಗಿತ್ತು. ನನ್ನ ಸದ್ದಿಗೆ ಎದ್ದು ಹೋಗಿತ್ತು. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು ಹುಡುಕಿದೆವು. ಮಾರನೇ ದಿನ ಕಾಗೆಗಳ ಕೂಗು ಹಿಡಿದು ಹೋದರೆ ಪಕ್ಕದ ಜಮೀನಿನ ಹಳ್ಳದಲ್ಲಿ ಬಿದ್ದಿತ್ತು. ಕಯೋಟಿಗಳು (ಇಲ್ಲಿನ ಕಾಡುನಾಯಿಯಂಥ ಪ್ರಾಣಿಗಳು) ತೊಡೆ ತಿಂದಿದ್ದವು. ಆ ವರ್ಷ ಮತ್ತೆ ರೈಫಲ್ ಎತ್ತಲಿಲ್ಲ. ಆ ಎಲೆಯ ಬಿಸಿ ಈಗಲೂ ಅಂಗೈಯಲ್ಲಿದೆ.

ಅದಕ್ಕೇ ಈಡಾದ ಮೇಲೆ ಜಾಗ ಗುರುತಿಟ್ಟುಕೊಂಡು ಮೊದಲು ರಕ್ತ ನೋಡಿ. ನೊರೆನೊರೆಯಾಗಿ ತಿಳಿ ಕೆಂಪಾಗಿದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾದು ಹೋದರೆ ಸಾಮಾನ್ಯವಾಗಿ ಹತ್ತಿರದಲ್ಲೇ ಸಿಗುತ್ತದೆ. ಕಡುಗೆಂಪಾಗಿದ್ದರೆ ಲಿವರ್, ನಾಲ್ಕು ಗಂಟೆ ಕಾಯಿರಿ. ಹಸಿರು ಕಂಡರೆ ನಾನು ಹೇಳಿದ್ದು ನೆನಪಿಡಿ. ಹತ್ತಿರ ಹೋದಾಗ ಹಿಂದಿನಿಂದ ಹೋಗಿ, ಉದ್ದ ಕಡ್ಡಿಯಲ್ಲಿ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಮಿಟುಕದಿದ್ದರೆ ಮುಗಿದಿದೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ನೀವೇ ಕೊಯ್ಯಿರಿ. ಮೊದಲನೇ ಜಿಂಕೆಯನ್ನು ಅಂಗಡಿಗೆ ಕೊಡಲೇಬೇಡಿ. ಗುಂಡು ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಿತ್ತು, ಎಷ್ಟು ಮಾಂಸ ಹಾಳಾಯಿತು, ಇದೆಲ್ಲ ನಿಮ್ಮ ಕೈಗೆ ಸಿಕ್ಕರೆ ಮುಂದಿನ ವರ್ಷ ನೀವು ಕಾಯುವ ರೀತಿಯೇ ಬದಲಾಗುತ್ತದೆ.

ಬಿದ್ದ ಜಾಗದಲ್ಲೇ ಕರುಳು ತೆಗೆಯಬೇಕು. ಆರು ಇಂಚಿಗಿಂತ ದೊಡ್ಡ ಚಾಕು ಬೇಡ, ಹರಿತ ಇದ್ದರೆ ನಾಲ್ಕೇ ಸಾಕು. ಕೈಗವಸು ಹಾಕಿಕೊಳ್ಳಿ. ಬೆನ್ನ ಮೇಲೆ ಮಲಗಿಸಿ, ಗುದದ ಸುತ್ತ ಚಾಕು ಆಡಿಸಿ ಬಿಡಿಸಿಕೊಳ್ಳಿ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಆ ಬೆರಳುಗಳ ಸಂದಿಯಲ್ಲಿ ಅಲಗು ಮೇಲ್ಮುಖವಾಗಿ ಇಟ್ಟು ಎದೆಗೂಡಿನವರೆಗೆ ಸೀಳಿ. ಅಲಗು ಕೆಳಮುಖವಾದರೆ ಹೊಟ್ಟೆಚೀಲ ತೂತಾಗುತ್ತದೆ, ಆಮೇಲೆ ವಾಸನೆ ಹೋಗುವುದಿಲ್ಲ. ಮೂತ್ರಚೀಲವನ್ನು ಹಿಸುಕದೆ ಬಾಯಿ ಹಿಡಿದು ತೆಗೆಯಿರಿ. ಎದೆ ಮತ್ತು ಹೊಟ್ಟೆಯ ನಡುವೆ ತೆಳುವಾದ ಪರದೆ ಇರುತ್ತದೆ, ಅದನ್ನು ಪಕ್ಕೆಲುಬಿನ ಅಂಚಿಗೇ ಕೊಯ್ದು, ತೋಳು ಒಳಗೆ ಹಾಕಿ ಗಂಟಲ ನಳಿಕೆ ಕೈಗೆ ಸಿಗುವವರೆಗೆ ಹೋಗಿ. ಹೊರಗೆ ಮೈನಸ್ ಆರು ಡಿಗ್ರಿ, ಒಳಗೆ ಕೈ ಸುಡುವಷ್ಟು ಬಿಸಿ. ನಳಿಕೆ ಕತ್ತರಿಸಿ ಎಳೆದರೆ ಎಲ್ಲ ಒಟ್ಟಿಗೆ ಜಾರಿ ಬರುತ್ತದೆ. ಹಿಮದ ಮೇಲೆ ಹಬೆ ಏಳುತ್ತದೆ. ಒಂದು ಬದಿಗೆ ಮಗುಚಿ ರಕ್ತ ಬಸಿಯಲು ಬಿಡಿ.

ಮಾಂಸ ಕೆಡುವುದು ಬಿಸಿಯಿಂದ. ಜನ ಜಿಂಕೆ ಮಾಂಸ ವಾಸನೆ ಅಂತಾರಲ್ಲ, ಬಹಳಷ್ಟು ಸಲ ಅದು ಜಿಂಕೆಯ ತಪ್ಪಲ್ಲ. ಬೆಳಗ್ಗೆ ಹೊಡೆದು ಫೋಟೋ ತೆಗೆಯುತ್ತಾ, ಟ್ರಕ್ಕಿನಲ್ಲಿ ಊರೆಲ್ಲ ತೋರಿಸುತ್ತಾ ಮಧ್ಯಾಹ್ನದವರೆಗೆ ಇಟ್ಟುಕೊಂಡವರ ತಪ್ಪು. ಕರುಳು ತೆಗೆದ ಕೂಡಲೇ ಎದೆಗೂಡಿಗೆ ಒಂದು ಕಡ್ಡಿ ಅಡ್ಡ ಕೊಟ್ಟು ಗಾಳಿ ಆಡಲು ಬಿಡಿ. 4 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಬೇಗ ಇಳಿಯಬೇಕು. ನವೆಂಬರ್ ಬೆಚ್ಚಗಿದ್ದರೆ ಒಳಗೆ ಐಸ್ ಚೀಲ ಇಡಿ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಗಂಟಿನ ಒಳಬದಿಯಲ್ಲಿ ಕಪ್ಪು ಕೂದಲಿನ ಗ್ರಂಥಿ ಇರುತ್ತದೆ, ಅದನ್ನು ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬೇಡಿ.

ಮಾರನೇ ದಿನ ಸಂಜೆ 5 ಗಂಟೆಯೊಳಗೆ ಜಿಂಕೆಯನ್ನು ನೋಂದಾಯಿಸಬೇಕು. ಫೋನಿನಲ್ಲೇ ಆಗುತ್ತದೆ.

ಕಾಯಿಲೆ ವಿಷಯ ನಿಜ, ಅದೂ ನೀವು ಹೋಗುತ್ತಿರುವ ಕಡೆಯೇ ಜಾಸ್ತಿ. ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಮೊದಲು ಪತ್ತೆ ಆದದ್ದು ಮೌಂಟ್ ಹೋರೆಬ್ ಹತ್ತಿರದ ಜಿಂಕೆಗಳಲ್ಲಿ. ಡಾಡ್ಜ್‌ವಿಲ್‌ಗೆ ಹೋಗುವಾಗ ಆ ಊರು ದಾಟಿಯೇ ಹೋಗುತ್ತೀರಿ. ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನಿನಿಂದ ಮಿದುಳು ಸವೆಯುತ್ತದೆ. ಬೇಯಿಸಿದರೂ ಸಾಯುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ. ನೋಡಲು ಗಟ್ಟಿಮುಟ್ಟಾದ ಜಿಂಕೆಯಲ್ಲೂ ಇರಬಹುದು. ಮನುಷ್ಯರಿಗೆ ಬಂದ ದಾಖಲೆ ಇಲ್ಲ, ಆದರೂ ಕಾಯಿಲೆ ಇದ್ದ ಜಿಂಕೆಯನ್ನು ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ನಾನು ಅದನ್ನು ಅಕ್ಷರಶಃ ಪಾಲಿಸುತ್ತೇನೆ. ತಲೆಯನ್ನು ಕತ್ತಿನ ಸ್ವಲ್ಪ ಭಾಗದ ಜೊತೆ ಕತ್ತರಿಸಿ, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯಾದ ಡಿಎನ್‌ಆರ್ ಇಟ್ಟಿರುವ ಪೆಟ್ಟಿಗೆಗೆ ಹಾಕಬೇಕು. ದುಡ್ಡು ಕೊಡಬೇಕಿಲ್ಲ. ಗಂಟಲ ಹಿಂದಿನ ಗ್ರಂಥಿ ತೆಗೆದು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಕೊಡುವ ನಂಬರನ್ನು ನಿಮ್ಮ ಪ್ರತಿ ಪ್ಯಾಕೆಟ್ ಮೇಲೂ ಬರೆಯಿರಿ. ಫಲಿತಾಂಶಕ್ಕೆ ಎರಡು ವಾರ ಹಿಡಿಯಬಹುದು. ಅಲ್ಲಿಯವರೆಗೆ ಒಂದು ತುಂಡೂ ಮಗಳ ತಟ್ಟೆಗೆ ಬೇಡ, ಯಾರಿಗೂ ಪಾಲು ಕೊಡುವುದೂ ಬೇಡ. ಎರಡು ಜಿಂಕೆ ಇದ್ದರೆ ಖೀಮಾ ಬೆರೆಸಬೇಡಿ. ಉಳಿದ ಮೂಳೆ, ಚರ್ಮ ಕಾಡಿಗೆ ಎಸೆಯಬಾರದು, ಲ್ಯಾಂಡ್‌ಫಿಲ್‌ಗೆ ಹೋಗುವ ಕಸಕ್ಕೆ ಹಾಕಿ.

ಗ್ಯಾರೇಜಿನ ಕೆಲಸ ಇದಕ್ಕಿಂತ ಸುಲಭ. ಹಿಂಗಾಲುಗಳಿಗೆ ಕೊಕ್ಕೆ ಹಾಕಿ ತೂಗುಹಾಕಿ, ಮೇಲಿನಿಂದ ಕೆಳಕ್ಕೆ ಚರ್ಮ ಸುಲಿಯಿರಿ. ಮೈ ಬಿಸಿ ಇರುವಾಗಲೇ ಸುಲಿದರೆ ಅಂಗಿ ಕಳಚಿದ ಹಾಗೆ ಬರುತ್ತದೆ, ತಣ್ಣಗಾದರೆ ಪ್ರತಿ ಇಂಚಿಗೂ ಚಾಕು ಬೇಕು. ಗರಗಸ, ಮಚ್ಚು ಬೇಡ. ಬೆನ್ನುಮೂಳೆ ಕತ್ತರಿಸುವ ಕೆಲಸವೇ ಇಲ್ಲ, ಕಾಯಿಲೆ ಇರುವ ಕಡೆ ಕತ್ತರಿಸಲೂಬಾರದು.

ಮೊದಲು ಮುಂಗಾಲು. ಇದು ನನಗೆ ಪ್ರತಿ ವರ್ಷ ಆಶ್ಚರ್ಯ. ಜಿಂಕೆಯ ಮುಂಗಾಲಿಗೂ ಎದೆಗೂಡಿಗೂ ಮೂಳೆಯ ಕೀಲೇ ಇಲ್ಲ, ಬರೀ ಮಾಂಸದ ಹಿಡಿತ. ಎಡಗೈಯಲ್ಲಿ ಕಾಲು ಎಳೆದು ಹಿಡಿದು ಕಂಕುಳಲ್ಲಿ ಚಾಕು ಆಡಿಸುತ್ತಾ ಹೋದರೆ ಇಡೀ ಕಾಲು ಕೈಗೆ ಬಂದುಬಿಡುತ್ತದೆ. ಆಮೇಲೆ ಬೆನ್ನಿನ ಉದ್ದದ ಪಟ್ಟಿ. ಬೆನ್ನುಮೂಳೆಯ ಪಕ್ಕ ಚಾಕುವಿನ ಮೊನೆ ಮೂಳೆಗೆ ತಾಗಿಸಿಕೊಂಡೇ ಸೊಂಟದಿಂದ ಕತ್ತಿನವರೆಗೆ ಎಳೆಯಿರಿ, ಆಮೇಲೆ ಪಕ್ಕೆಲುಬಿನ ಮೇಲಿಂದ ಬಿಡಿಸಿ. ಕರ್‌ಕರ್ ಅಂತ ಮೂಳೆ ತಾಗುವ ಸದ್ದು ಕೇಳುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಸೊಂಟದ ಒಳಬದಿಯಲ್ಲಿ ಎರಡು ಚಿಕ್ಕ ಪಟ್ಟಿಗಳಿವೆ, ಇಡೀ ಜಿಂಕೆಯಲ್ಲಿ ಅದರಷ್ಟು ಮೆತ್ತಗಿನದು ಬೇರೆ ಇಲ್ಲ. ಅದನ್ನು ಮೊದಲ ದಿನವೇ ತೆಗೆದಿಡಿ, ಒಣಗಿಹೋಗುತ್ತದೆ.

ತೊಡೆಯನ್ನು ಕೀಲಿನ ಹತ್ತಿರ ಬಿಡಿಸಿ ಮೇಜಿನ ಮೇಲಿಡಿ. ಒಂದೊಂದು ಸ್ನಾಯುವಿನ ನಡುವೆ ಬಿಳಿ ಗೆರೆ ಕಾಣುತ್ತದೆ. ಅಲ್ಲಿ ಬೆರಳು ತೂರಿಸಿದರೆ ಕಿತ್ತಳೆ ತೊಳೆ ಬಿಡಿಸಿದ ಹಾಗೆ ಬೇರೆಯಾಗುತ್ತವೆ. ಚಾಕು ಬೇಕಾಗುವುದು ಕೊನೆಗೆ, ಮೂಳೆಯ ಹತ್ತಿರ. ಆಮೇಲೆ ಬೆಳ್ಳಗೆ ಹೊಳೆಯುವ ಪೊರೆ. ಅದು ಬೇಯುವುದಿಲ್ಲ, ರಬ್ಬರ್ ಆಗುತ್ತದೆ. ಮೀನಿನ ಚರ್ಮ ತೆಗೆಯುವ ಹಾಗೆ ಚಾಕುವನ್ನು ಹೆಚ್ಚುಕಡಿಮೆ ಮಲಗಿಸಿ ಎಳೆಯಿರಿ. ಇದಕ್ಕೇ ಸಮಯ ಹಿಡಿಯುವುದು. ಅವಸರ ಮಾಡಬೇಡಿ. ಕೊಬ್ಬನ್ನೂ ಪೂರ್ತಿ ತೆಗೆಯಿರಿ. ಕುರಿ ಕೊಬ್ಬಿನ ರುಚಿ ಇದಕ್ಕಿಲ್ಲ, ಮೇಣದ ಹಾಗೆ ಅಂಗುಳಕ್ಕೆ ಅಂಟುತ್ತದೆ. ಖೀಮಾ ಮಾಡುವುದಾದರೆ ಹಂದಿ ಕೊಬ್ಬು ಹತ್ತಕ್ಕೆ ಒಂದು ಪಾಲು ಸೇರಿಸಿ. ಗುಂಡು ಹೋದ ಜಾಗದ ಸುತ್ತ ರಕ್ತ ಹೆಪ್ಪುಗಟ್ಟಿದ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ.

ಮಧ್ಯಮ ಗಾತ್ರದ ಹೆಣ್ಣು ಜಿಂಕೆಯಿಂದ ಮೂಳೆ ಬಿಟ್ಟು ಸುಮಾರು 18ರಿಂದ 20 ಕೆಜಿ ಸಿಗುತ್ತದೆ. ನಿಮ್ಮ ಮನೆಗೆ ಚಳಿಗಾಲ ಪೂರ್ತಿ ಸಾಕು. ಮಾರಲು ಮಾತ್ರ ಹೋಗಬೇಡಿ, ಬೇಟೆ ಮಾಂಸ ಮಾರುವುದು ಅಪರಾಧ.

ಮಲ್ಲಿಗೆಬಳ್ಳಿ · ಅಕ್ಟೋಬರ್ 14

ಪೂರ್ತಿ ಓದಿದೆ ಅಣ್ಣ. ನಾನು ಸಸ್ಯಾಹಾರಿ, ಶಿವಮೊಗ್ಗದವಳು. ಜಗಳಕ್ಕೆ ಕೇಳುತ್ತಿಲ್ಲ. ಇಷ್ಟೆಲ್ಲ ಬೇಜಾರು ಮಾಡಿಕೊಳ್ಳುವವರು ಯಾಕೆ ಹೊಡೆಯುತ್ತೀರಿ? ಅಂಗಡಿಯಲ್ಲಿ ಕೋಳಿ ಸಿಗಲ್ವಾ?

ಕಾಫಿಬೇಲಿ · ಅಕ್ಟೋಬರ್ 14

ಸಿಗುತ್ತದೆ ತಂಗಿ. ಆದರೆ ಆ ಕೋಳಿ ಹೇಗೆ ಬದುಕಿತ್ತು ಅನ್ನುವುದು ನನಗೆ ಗೊತ್ತಿಲ್ಲ. ಈ ಜಿಂಕೆ ಕೊನೆಯ ದಿನದವರೆಗೆ ಓಕ್ ಕಾಯಿ ತಿಂದುಕೊಂಡು, ಜೋಳದ ಹೊಲದಲ್ಲಿ ಮೇಯ್ದುಕೊಂಡು ತನ್ನ ಪಾಡಿಗೆ ಇತ್ತು. ನಾನು ಮಾಂಸ ತಿನ್ನುವವನು. ತಿನ್ನುವುದಾದರೆ ವರ್ಷಕ್ಕೊಮ್ಮೆಯಾದರೂ ನನ್ನ ಕೈಯಲ್ಲೇ ಆಗಲಿ ಅಂತ.

ಈ ರಾಜ್ಯದಲ್ಲಿ ಹದಿನೈದು ಲಕ್ಷಕ್ಕೂ ಮೇಲೆ ಜಿಂಕೆಗಳಿವೆ. ನಮ್ಮ ಈ ದಕ್ಷಿಣದ ಕಡೆ ತೋಳ ಇಲ್ಲದ ಹಾಗೇ. ಎಳೆ ಓಕ್ ಗಿಡ ತಲೆ ಎತ್ತಲು ಬಿಡುವುದಿಲ್ಲ, ಕಾರಿಗೆ ಸಿಕ್ಕಿ ರಸ್ತೆ ಬದಿಯಲ್ಲಿ ಸಾಯುತ್ತವೆ. ಎಷ್ಟು ಹೊಡೆಯಬಹುದು ಅಂತ ಕೌಂಟಿ ಕೌಂಟಿಗೂ ಲೆಕ್ಕ ಹಾಕುತ್ತಾರೆ. ಇಲ್ಲಿ ರೈಫಲ್, ತೋಟಾ ಕೊಂಡಾಗ 11 ಶೇಕಡಾ ತೆರಿಗೆ ಸೇರಿರುತ್ತದೆ. 1937ರ ಕಾಯ್ದೆ ಪ್ರಕಾರ ಅದು ವನ್ಯಜೀವಿ ಕೆಲಸಕ್ಕೇ ಹೋಗಬೇಕು. ನಮ್ಮೂರಿನ ಸ್ಥಿತಿ ಹಾಗಲ್ಲ. ಅಲ್ಲಿ ಕಡವೆಗೂ ಕಾಡುಕುರಿಗೂ ಉಳಿದಿರುವ ಜಾಗವೇ ಕಡಿಮೆ, ಹುಲಿ ಚಿರತೆಯೂ ಅದನ್ನೇ ನಂಬಿವೆ. ಊರಿಗೆ ಹೋದಾಗ ಯಾರಾದರೂ ತೋಟದಲ್ಲಿ ಗುಟ್ಟಾಗಿ ಕರೆದರೆ ನಾನು ಹೋಗುವುದಿಲ್ಲ, ಅದರ ಸಾರು ಕೊಟ್ಟರೂ ಮುಟ್ಟುವುದಿಲ್ಲ.

ಬೇಜಾರು ಆಗುತ್ತದೆ, ಹೌದು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಆಗದೆ ಇರಲಿಲ್ಲ. ಕರುಳು ತೆಗೆಯುವ ಮೊದಲು ಒಂದೆರಡು ನಿಮಿಷ ಅದರ ಕತ್ತಿನ ಮೇಲೆ ಕೈ ಇಟ್ಟು ಕೂರುತ್ತೇನೆ.

ರೋಚೆಸ್ಟರ್ ಗೌಡತಿ · ಅಕ್ಟೋಬರ್ 15

ಅಡುಗೆ ಮಾತು ಯಾರೂ ಆಡಲಿಲ್ಲ, ನಾನು ಹೇಳ್ತೀನಿ. ನಮ್ಮನೆಯವರು ತರುತ್ತಾರೆ, ಅಡುಗೆ ನನ್ನದು. ಮಂಡ್ಯದವಳು.

ತಮ್ಮಾ, ಇದು ಮಟನ್ ಅಂದುಕೊಂಡು ಎಲ್ಲವನ್ನೂ ಕುಕ್ಕರಿಗೆ ಹಾಕಬೇಡಿ. ಕೊಬ್ಬಿಲ್ಲದ ಮಾಂಸ. ಬೆನ್ನಿನ ಪಟ್ಟಿ ಕುಕ್ಕರಿಗೆ ಹೋದರೆ ಒಣ ಕಟ್ಟಿಗೆ. ಅದನ್ನು ಒಂದಿಂಚು ದಪ್ಪ ಬಿಲ್ಲೆ ಮಾಡಿ, ಉಪ್ಪು, ಜಜ್ಜಿದ ಮೆಣಸು, ಬೆಳ್ಳುಳ್ಳಿ ಹಚ್ಚಿ ಕಬ್ಬಿಣದ ಬಾಣಲೆ ಹೊಗೆ ಬರುವಷ್ಟು ಕಾದಮೇಲೆ ತುಪ್ಪದಲ್ಲಿ ಎರಡೂ ಬದಿ ಮೂರು ಮೂರು ನಿಮಿಷ. ಇಳಿಸಿ ಐದು ನಿಮಿಷ ಬಿಟ್ಟು ತಿನ್ನಿ. ಮಧ್ಯ ಸ್ವಲ್ಪ ಕೆಂಪಗಿರುತ್ತದೆ. ಖೀಮಾ ಮಾತ್ರ ಕೆಂಪು ಉಳಿಯದ ಹಾಗೆ ಪೂರ್ತಿ ಬೇಯಬೇಕು.

ಕುಕ್ಕರಿಗೆ ಮುಂಗಾಲು, ಕತ್ತು, ಮೊಣಕಾಲು. ಮೊಣಕಾಲು ನರನರ ಅಂತ ಬಿಸಾಡ್ತಾರೆ, ಎಂಟು ಕೂಗು ಕೂಗಿಸಿ ನೋಡಿ, ಅಂಟಂಟಾಗಿ ಎಂಥ ಸಾರು ಬರುತ್ತದೆ ಅಂತ. ನಮ್ಮ ಮಾಮೂಲಿ ಮಟನ್ ಸಾರಿನ ಮಸಾಲೆಯೇ ಸಾಕು, ಚಕ್ಕೆ ಲವಂಗ ಸ್ವಲ್ಪ ಮುಂದಿರಲಿ, ಕಾಯಿ ಸ್ವಲ್ಪ ಜಾಸ್ತಿ ಹಾಕಿ. ಮುದ್ದೆ ಜೊತೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಇನ್ನೊಂದು. ನಾವು ಒಂದು ವರ್ಷ ವಿಸ್ಕಾನ್ಸಿನ್‌ನಲ್ಲಿ ಹೊಡೆದದ್ದನ್ನು ಮನೆಗೆ ತರಬೇಕಿತ್ತು. ನಾವಿರುವುದು ಪಕ್ಕದ ಮಿನ್ನೆಸೋಟಾ ರಾಜ್ಯದಲ್ಲಿ. ಬೇರೆ ರಾಜ್ಯದ ಇಡೀ ಜಿಂಕೆಯನ್ನು ಮಿನ್ನೆಸೋಟಾದೊಳಗೆ ತರುವ ಹಾಗಿಲ್ಲ, ಅದೇ ಕಾಯಿಲೆಯ ಕಾರಣಕ್ಕೆ. ತಲೆ, ಬೆನ್ನುಮೂಳೆ ಬಿಟ್ಟು ಮಾಂಸ ಕೊಯ್ದುಕೊಂಡೇ ಗಡಿ ದಾಟಬೇಕು. ಗೊತ್ತಿಲ್ಲದವರಿಗೆ ಉಪಯೋಗ ಆಗಲಿ ಅಂತ ಬರೆದೆ.

ಕಾಫಿಬೇಲಿ · ಅಕ್ಟೋಬರ್ 15

ಅಕ್ಕ ಹೇಳಿದ್ದು ಸರಿ. ನಮ್ಮ ಕಡೆ ಮುಂಗಾಲಿಗೆ ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆ, ಮೆಣಸು ಕಪ್ಪಗೆ ಹುರಿದು ಪುಡಿ ಮಾಡಿ ಹಾಕಿ, ಇಳಿಸುವ ಮುಂಚೆ ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ). ಹುಳಿಗೆ ಮಾಂಸ ಮೆತ್ತಗೂ ಆಗುತ್ತದೆ. ಅಕ್ಕಿ ರೊಟ್ಟಿ ಮಾಡಿಕೊಳ್ಳಿ.

ತೋಟದಹುಡುಗ · ಡಿಸೆಂಬರ್ 14

ತಡವಾಗಿ ಬರೆಯುತ್ತಿದ್ದೇನೆ, ಫಲಿತಾಂಶ ಬರಲಿ ಅಂತ ಕಾದೆ.

ವಕೀಲರನ್ನು ಕೇಳಿದೆ, ಕಾಫಿಬೇಲಿ ಅಣ್ಣ ಹೇಳಿದ್ದೇ ಹೇಳಿದರು. ಕೋರ್ಸ್ ಮಾಡಿದೆ, ಲೈಸೆನ್ಸ್ ತೆಗೆದುಕೊಂಡೆ, ಆಮೇಲೇ ರೈಫಲ್ ಮುಟ್ಟಿದ್ದು. ರೇಂಜಿಗೆ ನಾಲ್ಕು ಸಲ ಹೋದೆ.

ಮೊದಲ ದಿನ ಬೆಳಗ್ಗೆ ಏಳೂವರೆಗೆ ಕೋಡಿನ ಜಿಂಕೆ ಬಂತು. ದಿಣ್ಣೆಯ ನೆತ್ತಿಯಲ್ಲೇ ನಿಂತಿತು. ಹಿಂದೆ ಬರೀ ಬೂದು ಆಕಾಶ. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತು ಅಂದರೆ ಸ್ಕೋಪ್ ಅಲುಗಾಡುತ್ತಿತ್ತು. ಬೆರಳು ಟ್ರಿಗರ್ ಹತ್ತಿರ ಒಯ್ಯಲಿಲ್ಲ. ಅದು ಒಂದು ನಿಮಿಷ ನಿಂತು ಆಚೆ ಇಳಿದುಹೋಯಿತು. ಮನೆಗೆ ಬಂದು ಹೇಳಿದಾಗ ಆ ಮಾವ ಎದ್ದು ಬಂದು ಕೈ ಕುಲುಕಿದರು. ಆ ದಿಣ್ಣೆಯ ಆಚೆಯೇ ಅವರ ತಮ್ಮ ಕೂತಿದ್ದರಂತೆ.

ಮೂರನೇ ದಿನ ಹೆಣ್ಣು ಜಿಂಕೆ. ಎಪ್ಪತ್ತು ಗಜ, ಅಡ್ಡಲಾಗಿ, ಹಿಂದೆ ಗುಡ್ಡದ ಮಣ್ಣು. ನಲವತ್ತು ಹೆಜ್ಜೆ ಓಡಿ ಬಿತ್ತು. ಅರ್ಧ ಗಂಟೆ ವಾಚು ನೋಡುತ್ತಾ ಕೂತೆ. ನೊರೆ ರಕ್ತ. ಕರುಳು ನಾನೇ ತೆಗೆದೆ, ಅವರು ಪಕ್ಕದಲ್ಲಿ ನಿಂತು ಹೇಳಿದರು. ಮುಂಗಾಲು ಚಾಕುವಿಗೆ ಹಾಗೇ ಬಿಟ್ಟುಕೊಂಡು ಬಂದಾಗ ನಂಬಲು ಆಗಲಿಲ್ಲ. ಮಗಳು ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೆದರುತ್ತಾಳೆ ಅಂದುಕೊಂಡಿದ್ದೆ. ಬೆನ್ನಿನ ಬಿಳಿ ಗೆರೆ ತೋರಿಸಿ ಇದೇನು ಅಂತ ಕೇಳಿದಳು. ಪ್ಯಾಕೆಟ್ ಮೇಲೆ ನಂಬರ್ ಬರೆದದ್ದು ಅವಳೇ. ಒಟ್ಟು 19 ಕೆಜಿ.

ಮೊನ್ನೆ ಫಲಿತಾಂಶ ಬಂತು. ಕಾಯಿಲೆ ಪತ್ತೆಯಾಗಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ಕೇಳಿದ ಮೊದಲ ಮಾತು, "ಪಾಲು ಯಾರ್ಯಾರಿಗೆ ಕೊಟ್ಟೆ?" ಆ ಮಾವನ ಮನೆಗೆ ಒಂದು ತೊಡೆ ಕೊಟ್ಟು ಬಂದೆ. ಇಲ್ಲಿನ ಎರಡು ಕನ್ನಡದ ಮನೆಗಳಿಗೆ ನಾಳೆ ಕೊಡಬೇಕು. ಮೊಣಕಾಲು ಸಾರಿಗೆ ಇಟ್ಟುಕೊಂಡಿದ್ದೇನೆ ಗೌಡತಿ ಅಕ್ಕ.

ಅಣ್ಣಾ, ಒಂದೇ ಸಮಸ್ಯೆ. ಹೊಳೆಯುವ ಪೊರೆ ತೆಗೆಯುವಾಗ ಮಾಂಸವೂ ಜೊತೆಗೆ ಹೋಗುತ್ತಿತ್ತು. ಚಾಕು ಸರಿ ಇಲ್ವಾ, ಕೈ ಸರಿ ಇಲ್ವಾ ಗೊತ್ತಾಗುತ್ತಿಲ್ಲ. ಕಾಚಂಪುಳಿ ಇಲ್ಲಿ ಎಲ್ಲಿ ಸಿಗುತ್ತದೆ?

ಕಾಫಿಬೇಲಿ · ಡಿಸೆಂಬರ್ 14

ಚಾಕು ಮೊಂಡಾಗಿರುತ್ತದೆ. ಒಂದು ಜಿಂಕೆ ಕೊಯ್ಯುವಾಗ ನಾನು ಐದಾರು ಸಲ ಮಸೆಯುತ್ತೇನೆ. ಕ್ರಿಸ್‌ಮಸ್ ರಜೆಯಲ್ಲಿ ಬ್ಯಾರಬೂಗೆ ಬನ್ನಿ, ಮನೆಯವರನ್ನೂ ಮಗಳನ್ನೂ ಕರೆದುಕೊಂಡು. ಚಾಕು ತನ್ನಿ, ಪೊರೆ ತೆಗೆಯದ ಒಂದು ಪ್ಯಾಕೆಟ್ ಇದ್ದರೆ ಅದನ್ನೂ ತನ್ನಿ, ಮೇಜಿನ ಮೇಲಿಟ್ಟು ತೋರಿಸುತ್ತೇನೆ. ಕಾಚಂಪುಳಿ ಹುಡುಕಬೇಡಿ. ಅಮ್ಮ ಊರಿಂದ ಕಳಿಸಿದ ಒಂದು ಬಾಟಲಿ ಇದೆ, ಅರ್ಧ ನಿಮಗೆ.